ಫ್ಲಿಂಟ್‌ಲಾಕ್ ಕೈಕೊಡುತ್ತಿದ್ದರೆ ಮೊದಲು ಟಚ್ ಹೋಲ್ ನೋಡಿ

ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮುಗಿದ ಮೇಲಿನ ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಹಳೇ ಮಾದರಿಯ ಬಂದೂಕು) ಬೇಟೆ ಸೀಸನ್‌ಗೆ ತಯಾರಾಗುತ್ತಿರುವವರಿಗೆ ಒಂದು ಮಾತು. ಪ್ಯಾನ್‌ನಲ್ಲಿ, ಅಂದರೆ ಕಿಡಿ ಬೀಳುವ ಮದ್ದಿನ ಪುಟ್ಟ ಬಟ್ಟಲಲ್ಲಿ, ಭುಸ್ ಅಂದು ಗುಂಡು ಹಾರದಿದ್ದರೆ ಎಲ್ಲರೂ ಸುಮ್ನೆ ಚಕಮಕಿ ಕಲ್ಲನ್ನು ಬೈಯುತ್ತಾರೆ. ಪ್ಯಾನ್ ಹೊತ್ತಿದೆ ಅಂದರೆ ಕಿಡಿ ಬಂದಿದೆ ಅಲ್ವಾ? ತಪ್ಪಿರುವುದು ಟಚ್ ಹೋಲ್‌ನಲ್ಲಿ, ಅಂದರೆ ಪ್ಯಾನ್‌ನಿಂದ ನಳಿಗೆಯೊಳಕ್ಕೆ ಬೆಂಕಿ ಹೋಗುವ ಸಣ್ಣ ತೂತಿನಲ್ಲಿ. ಅಲ್ಲಿ ಮಸಿಯೋ ಎಣ್ಣೆಯೋ ಕೂತಿರುತ್ತದೆ, ಅದಕ್ಕೇ ಮದ್ದು ತುಂಬುವ ಮೊದಲೇ ನಳಿಗೆಯ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ಒರೆಸಿ, ತೆಳು ತಂತಿಯಿಂದ ತೂತು ಬಿಡಿಸಿಕೊಳ್ಳಿ. ಪ್ಯಾನ್‌ಗೆ ಮದ್ದು ಜಾಸ್ತಿ ಹಾಕಬೇಡಿ. ಮದ್ದು ತೂತನ್ನು ಮುಚ್ಚಿದರೆ ಬತ್ತಿಯ ಹಾಗೆ ನಿಧಾನವಾಗಿ ಉರಿಯುತ್ತದೆ.

ಕಿಡಿಯೇ ಬರದಿದ್ದರೆ ಮಾತು ಬೇರೆ. ಕಲ್ಲಿನ ಅಂಚು ಚೂಪಾಗಿ, ಫ್ರಿಜನ್‌ಗೆ (ಕಲ್ಲು ಬಡಿದು ಕಿಡಿ ಹಾರುವ ಉಕ್ಕಿನ ಭಾಗ) ಪೂರ್ತಿ ಅಗಲಕ್ಕೆ ನೇರವಾಗಿ ತಾಗಬೇಕು. ಫ್ರಿಜನ್ ಮೇಲೆ ಜಿಡ್ಡಿದ್ದರೆ ಆಲ್ಕೋಹಾಲ್‌ನಲ್ಲಿ ಒರೆಸಿ.

ಮದ್ದು ಅಸಲಿ ಕರಿಮದ್ದೇ ಇರಲಿ. ಬದಲಿ ಪುಡಿಗಳು ಹೊತ್ತಿಕೊಳ್ಳಲು ಜಾಸ್ತಿ ಶಾಖ ಬೇಕು, ಫ್ಲಿಂಟ್‌ಲಾಕ್‌ಗೆ ಅವು ನನ್ನ ಪ್ರಕಾರ ದುಡ್ಡು ದಂಡ. ತೇವದ ದಿನ ಪ್ಯಾನ್‌ನ ಮದ್ದನ್ನು ಆಗಾಗ ಬದಲಿಸಿ.

ಗುಂಡು ಹಾರದಿದ್ದಾಗ ಮಾತ್ರ ಕೂಡಲೇ ಬಂದೂಕು ತಿರುಗಿಸಬೇಡಿ, ಮುಂದೆ ಹೋಗಿ ಇಣುಕಲೂ ಬೇಡಿ. ತಡವಾಗಿ ಸಿಡಿಯಬಹುದು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕಡಿಮೆ ಅಂದರೂ 1 ನಿಮಿಷ ಕಾಯಿರಿ.