ಗೃಹಸಾಲದ ಬ್ರೋಕರ್‌ಗೆ ಶುಲ್ಕ ಕೊಡಬೇಕೇ? ಸಹಿಗೆ ಮುನ್ನ ಹಾಕಬೇಕಾದ ಲೆಕ್ಕ

ಮನೆಯ ಬೆಲೆಯನ್ನು ವಾರಗಟ್ಟಲೆ ಚೌಕಾಸಿ ಮಾಡಿದವರೇ ಸಾಲ ಕೊಡಿಸುವ ಬ್ರೋಕರ್ ಮುಂದಿಟ್ಟ ಕರಾರಿಗೆ ಓದದೆ ಸಹಿ ಹಾಕುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಮುಂಗಡ ಕೊಟ್ಟಾಗಿದೆ, ಗಡುವಿನೊಳಗೆ ಸಾಲ ಮಂಜೂರಾಗದಿದ್ದರೆ ಅದೂ ಕೈತಪ್ಪುತ್ತದೆ ಎಂಬ ಆತಂಕದಲ್ಲಿ ಶುಲ್ಕ ಎಷ್ಟು, ಯಾವಾಗ ಕೊಡಬೇಕು, ಅದಕ್ಕೆ ಪ್ರತಿಯಾಗಿ ಏನು ಸಿಗುತ್ತದೆ ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಆದ್ದರಿಂದ ಮನೆ ಹುಡುಕುವ ಹಂತದಲ್ಲಿಯೇ, ಮುಂಗಡ ಕೊಡುವ ಮೊದಲೇ, ಈ ಕೆಲಸ ಮುಗಿಸಿಕೊಳ್ಳಬೇಕು.

ಮೊದಲನೆಯದಾಗಿ, ಬ್ರೋಕರ್ ಬಳಿ ಹೋಗುವ ಮುನ್ನ ನಿಮ್ಮ ಖಾತೆಯಿರುವ ಬ್ಯಾಂಕ್ ಸೇರಿದಂತೆ ಎರಡು ಮೂರು ಸಾಲದಾತರಿಂದ ಬಡ್ಡಿದರ, ಪ್ರೊಸೆಸಿಂಗ್ ಶುಲ್ಕ ಮತ್ತು ಅವಧಿಪೂರ್ವ ಮರುಪಾವತಿಯ ಷರತ್ತುಗಳನ್ನು ಬರಹದಲ್ಲಿ ಪಡೆಯಿರಿ. ಇಲ್ಲಿ ವಿಚಾರಣೆ ಸಾಕು. ಅಲ್ಪ ಕಾಲದಲ್ಲಿ ಹಲವೆಡೆ ಅರ್ಜಿ ಹಾಕಿದರೆ ಕ್ರೆಡಿಟ್ ಸ್ಕೋರ್ ಕುಗ್ಗುವ ಸಂಭವವಿದೆ. ದರಗಳನ್ನು ಉಚಿತವಾಗಿ ಹೋಲಿಸಿಕೊಡುತ್ತೇವೆ ಎನ್ನುವ ಜಾಲತಾಣಗಳಲ್ಲಿ ದರ ತೋರಿಸುವ ಮೊದಲೇ ಫೋನ್ ನಂಬರ್ ಕೇಳುವಂಥವನ್ನು ಅಲ್ಲಿಗೇ ಮುಚ್ಚಿಬಿಡಿ, ಏಕೆಂದರೆ ಅಂಥವು ಹೆಚ್ಚಾಗಿ ನಿಮ್ಮ ಹೆಸರನ್ನು ಮಾರಿಯೇ ಬದುಕುತ್ತವೆ.

ಎರಡನೆಯದು, ಬ್ರೋಕರ್‌ಗೆ ಹಣ ಎಲ್ಲಿಂದ ಬರುತ್ತದೆ ಎಂದು ತಿಳಿಯುವುದು. ಕೆಲವರು ಗ್ರಾಹಕರಿಂದ ಮಾತ್ರ ಶುಲ್ಕ ಪಡೆಯುತ್ತಾರೆ, ಕೆಲವರಿಗೆ ಸಾಲದಾತರೇ ಕಮಿಷನ್ ಕೊಡುತ್ತಾರೆ, ಇನ್ನು ಕೆಲವರು ಎರಡೂ ಕಡೆಯಿಂದ ಪಡೆಯುತ್ತಾರೆ. ಕಾನೂನು ಎಲ್ಲೆಡೆ ಒಂದೇ ಬಗೆಯಲ್ಲಿಲ್ಲ: ಅಮೆರಿಕದಲ್ಲಿ ಒಂದೇ ಗೃಹಸಾಲಕ್ಕೆ ಗ್ರಾಹಕ ಮತ್ತು ಸಾಲದಾತ ಇಬ್ಬರಿಂದಲೂ ಬ್ರೋಕರ್ ಹಣ ಪಡೆಯುವಂತಿಲ್ಲ, ಬ್ರಿಟನ್ನಿನಲ್ಲಿ ಪಡೆಯಬಹುದು, ಆದರೆ ಅದನ್ನು ಗ್ರಾಹಕನಿಗೆ ತಿಳಿಸಿರಬೇಕು, ಆಸ್ಟ್ರೇಲಿಯಾದಲ್ಲಿ 2021ರ ಜನವರಿ 1ರಿಂದ ಗ್ರಾಹಕನ ಹಿತಕ್ಕನುಗುಣವಾಗಿ ನಡೆಯುವುದು ಬ್ರೋಕರ್‌ನ ಶಾಸನಬದ್ಧ ಕರ್ತವ್ಯವಾಗಿದೆ. ನೀವು ಎಲ್ಲಿಯೇ ಇರಿ, ‘ಎಷ್ಟು ಸಾಲದಾತರ ಜೊತೆ ವ್ಯವಹರಿಸುತ್ತೀರಿ’, ‘ಅವರಲ್ಲಿ ಯಾರು ನಿಮಗೆ ಹೆಚ್ಚು ಕಮಿಷನ್ ಕೊಡುತ್ತಾರೆ’, ‘ಆ ಕಮಿಷನ್ನನ್ನು ನನ್ನ ಶುಲ್ಕದಲ್ಲಿ ಕಳೆಯುತ್ತೀರಾ’ ಎಂಬ ಮೂರು ಪ್ರಶ್ನೆಗಳಿಗೆ ಬ್ರೋಕರ್‌ನಿಂದ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ಉತ್ತರವನ್ನು ಬಾಯಿಮಾತಿನಲ್ಲಿ ಮಾತ್ರ ಕೊಡುವವರೊಂದಿಗೆ ವ್ಯವಹಾರ ಬೇಡ.

ಬಹುತೇಕರು ಎಡವುವುದು ಮೂರನೆಯ ಹಂತವಾದ ಲೆಕ್ಕದಲ್ಲಿ. ಬ್ರೋಕರ್ ತೋರಿಸುವ ಕಡಿಮೆ ದರವನ್ನು ಕಂಡ ತಕ್ಷಣ ಶುಲ್ಕ ಗಿಟ್ಟಿತೆಂದು ಭಾವಿಸಬಾರದು. 10 ಲಕ್ಷದ ಸಾಲವನ್ನು 20 ವರ್ಷದ ಅವಧಿಗೆ ನೀವೇ ಹೋಗಿ ಶೇ 8.5ರ ದರದಲ್ಲಿ ಪಡೆಯಬಹುದೆಂದೂ, ಬ್ರೋಕರ್ ಮೂಲಕ ಅದೇ ಸಾಲ ಶೇ 8.25ಕ್ಕೆ ಸಿಗುತ್ತದೆಂದೂ, ಅವರ ಶುಲ್ಕ ಸಾಲದ ಶೇ 1, ಅಂದರೆ 10,000 ಎಂದೂ ಇಟ್ಟುಕೊಳ್ಳಿ. ಮಾಸಿಕ ಕಂತು ಮೊದಲನೆಯದರಲ್ಲಿ ಸುಮಾರು 8,678, ಎರಡನೆಯದರಲ್ಲಿ 8,521. ತಿಂಗಳ ಉಳಿತಾಯ 157ರಷ್ಟಾದ್ದರಿಂದ ಕಂತಿನ ಲೆಕ್ಕದಲ್ಲಿ ಶುಲ್ಕ ವಸೂಲಾಗಲು ಐದು ವರ್ಷ ದಾಟುತ್ತದೆ. ಕಡಿಮೆ ದರದಲ್ಲಿ ಅಸಲು ತುಸು ಬೇಗ ತೀರುವುದನ್ನೂ ಸೇರಿಸಿಕೊಂಡರೆ ನಾಲ್ಕು ವರ್ಷಕ್ಕೆ ಸ್ವಲ್ಪ ಮೇಲಾಗುತ್ತದೆ. ಆ ಕಡಿಮೆ ದರ ಎರಡು ವರ್ಷಕ್ಕೆ ಮಾತ್ರ ನಿಗದಿಯಾಗಿದ್ದು, ಆ ಬಳಿಕ ಮಾಮೂಲಿ ದರಕ್ಕೆ ಮರಳುವುದಾದರೆ ಆ ಎರಡು ವರ್ಷದಲ್ಲಿ ನೀವು ಕೊಟ್ಟ ಶುಲ್ಕದ ಸುಮಾರು ಅರ್ಧದಷ್ಟು ಮಾತ್ರ ಹಿಂದಿರುಗುತ್ತದೆ. ನಾಲ್ಕು ವರ್ಷದೊಳಗೆ ಮನೆ ಮಾರುವ ಅಥವಾ ಸಾಲವನ್ನು ಬೇರೆಡೆಗೆ ವರ್ಗಾಯಿಸುವ ಯೋಚನೆ ಇರುವವರಿಗೂ ಅದು ನಷ್ಟವೇ.

ಈ ಲೆಕ್ಕದಲ್ಲಿ ಪ್ರೊಸೆಸಿಂಗ್ ಶುಲ್ಕ, ಆಸ್ತಿ ಮೌಲ್ಯಮಾಪನದ ವೆಚ್ಚ, ಸಾಲದ ಜೊತೆಗೆ ಅಂಟಿಸಿದ ವಿಮೆಯ ಕಂತು ಇವೆಲ್ಲವೂ ಎರಡೂ ಕಡೆಗೆ ಸೇರಿರಬೇಕು. ಒಂದು ಕಡೆ ಬರಿಯ ದರವನ್ನೂ ಇನ್ನೊಂದು ಕಡೆ ಒಟ್ಟು ವೆಚ್ಚವನ್ನೂ ಇಟ್ಟು ಹೋಲಿಸುವುದರಿಂದ ಪ್ರಯೋಜನವಿಲ್ಲ. ಎರಡೂ ಕಡೆ ಸಾಲದ ಅವಧಿ ಒಂದೇ ಆಗಿದೆಯೇ ಎಂಬುದನ್ನೂ ನೋಡಿ, ಏಕೆಂದರೆ ಅವಧಿಯನ್ನು ಐದು ವರ್ಷ ಹಿಗ್ಗಿಸಿ ಕಂತು ಇಳಿಯಿತೆಂದು ತೋರಿಸುವುದು ಹಳೆಯ ಉಪಾಯ. ಕೈಯಲ್ಲಿ ಹಣವಿಲ್ಲದಿದ್ದರೆ ಶುಲ್ಕವನ್ನು ಸಾಲಕ್ಕೇ ಸೇರಿಸೋಣ ಎಂಬ ಸಲಹೆಯನ್ನು ಒಪ್ಪಬೇಡಿ: ಶೇ 8.5ರ ದರದಲ್ಲಿ 20 ವರ್ಷ ತೀರಿಸುವಾಗ ಆ 10,000ಕ್ಕೆ ನೀವು ಕಟ್ಟುವ ಮೊತ್ತ 20,800ನ್ನು ಮೀರುತ್ತದೆ.

ಹಾಗಾದರೆ ಶುಲ್ಕ ಕೊಡುವುದು ಯಾರಿಗೆ ಸರಿ? ನಿಯತ ಸಂಬಳ, ಚೊಕ್ಕ ಸಾಲದ ಇತಿಹಾಸ, ತಕರಾರಿಲ್ಲದ ದಾಖಲೆಗಳು ಇರುವವರು ಕೊಡಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥವರ ಅರ್ಜಿಗಾಗಿ ಸಾಲದಾತರೇ ಕಾದಿರುತ್ತಾರೆ. ಸ್ವಂತ ಉದ್ಯೋಗದವರು, ವರ್ಷದಿಂದ ವರ್ಷಕ್ಕೆ ಆದಾಯ ಏರಿಳಿಯುವವರು, ಹಿಂದೆ ಕಂತು ತಪ್ಪಿಸಿದವರು, ಸಾಮಾನ್ಯ ಮಾದರಿಯದಲ್ಲದ ಕಟ್ಟಡ ಕೊಳ್ಳುವವರು ಇವರಿಗೆ ಮಾತ್ರ ಬೇರೆ ಲೆಕ್ಕ. ಯಾವ ಸಾಲದಾತ ಎಷ್ಟು ವರ್ಷದ ಆದಾಯದ ವಿವರ ಕೇಳುತ್ತಾನೆ, ಯಾವುದಕ್ಕೆ ಅರ್ಜಿಯನ್ನು ತಿರಸ್ಕರಿಸುತ್ತಾನೆ ಎಂದು ಬಲ್ಲ ಬ್ರೋಕರ್ ಇವರಿಗೆ ಒಂದು ತಿರಸ್ಕಾರವನ್ನು ತಪ್ಪಿಸಿದರೂ ಶುಲ್ಕ ಸಾರ್ಥಕ. ಆದರೆ ಆದಾಯವನ್ನು ಹೆಚ್ಚಿಸಿ ತೋರಿಸೋಣ ಎಂದು ಸೂಚಿಸುವವನಿಂದ ಎದ್ದು ಬನ್ನಿ. ಸುಳ್ಳು ಬಯಲಾದ ದಿನ ಅರ್ಜಿಯ ಮೇಲಿರುವುದು ನಿಮ್ಮ ಸಹಿ.

ಕೊಡುವುದೆಂದು ತೀರ್ಮಾನಿಸಿದ ಮೇಲೆ ಕರಾರನ್ನು ಓದಲು ಒಂದು ಸಂಜೆ ಮೀಸಲಿಡಿ. ಮುಖ್ಯವಾದ ಸಾಲು ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ, ಶುಲ್ಕ ಯಾವ ದಿನ ಸಲ್ಲುತ್ತದೆ ಎಂಬಲ್ಲಿ ಇರುತ್ತದೆ. ‘ಅರ್ಜಿ ಸಲ್ಲಿಸಿದಾಗ’ ಎಂದಿದ್ದರೆ ಸಾಲ ಸಿಗದಿದ್ದರೂ ಹಣ ಹೋಯಿತು. ‘ಮಂಜೂರಾತಿ ಪತ್ರ ಬಂದಾಗ’ ಎಂದಿದ್ದರೆ ಮಾರುವವರು ಹಿಂದೆ ಸರಿದರೂ ನೀವು ಕೊಡಲೇಬೇಕು. ‘ಸಾಲದ ಹಣ ಬಿಡುಗಡೆಯಾದಾಗ’ ಎಂಬುದೊಂದೇ ಒಪ್ಪತಕ್ಕದ್ದು. ಬೇರೆಯವರ ಮೂಲಕ ಅಥವಾ ನೇರವಾಗಿ ಸಾಲ ಪಡೆದರೂ ಶುಲ್ಕ ಸಲ್ಲುತ್ತದೆ ಎಂಬ ಷರತ್ತನ್ನೂ, ಸಾಲವನ್ನು ಬೇಗ ತೀರಿಸಿದಾಗ ಸಾಲದಾತ ಬ್ರೋಕರ್‌ನಿಂದ ಹಿಂಪಡೆಯುವ ಕಮಿಷನ್ನನ್ನು ನೀವು ತುಂಬಿಕೊಡಬೇಕೆಂಬ ಷರತ್ತನ್ನೂ ಹೊಡೆದುಹಾಕಿಸಿ. ಶುಲ್ಕ ಶೇಕಡಾವಾರು ಬೇಡ, ನಿಗದಿತ ಮೊತ್ತವಿರಲಿ: ದೊಡ್ಡ ಸಾಲದ ಕಾಗದಪತ್ರಗಳಿಗೆ ಸಣ್ಣ ಸಾಲದಷ್ಟೇ ಶ್ರಮ ಬೇಕು, ಜೊತೆಗೆ ಶೇಕಡಾವಾರು ಪಡೆಯುವವನಿಗೆ ನಿಮ್ಮ ಸಾಲ ಹಿಗ್ಗಿದಷ್ಟೂ ಲಾಭ. ಮೊತ್ತದ ಬಗ್ಗೆ ಚೌಕಾಸಿ ಮಾಡಲು ಸಂಕೋಚ ಬೇಡ.

ಸಾಲ ಬಿಡುಗಡೆಯಾದ ಬಳಿಕ ಶುಲ್ಕವನ್ನು ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ. ಜೊತೆಗೆ ಸಾಲದಾತ ಕೊಡುವ ಬಿಡುಗಡೆ ವಿವರಣೆಯ ಪ್ರತಿ ಸಾಲನ್ನೂ ಕರಾರಿನೊಂದಿಗೆ ತಾಳೆ ನೋಡಿ. ಬ್ರೋಕರ್ ಶುಲ್ಕವನ್ನು ಅಲ್ಲಿಯೂ ಒಮ್ಮೆ ಕಡಿತ ಮಾಡಿದ್ದರೆ, ಅಥವಾ ನೀವು ಕೇಳದ ವಿಮೆಯೊಂದು ಸೇರಿದ್ದರೆ, ಆ ವಾರದಲ್ಲಿಯೇ ಬರಹದಲ್ಲಿ ಆಕ್ಷೇಪ ಸಲ್ಲಿಸಿ.