ಕಳೆ ತಿನ್ನುವ ಕೀಟ ಬೆಳೆಗೂ ಬಂದೀತೇ? ಪರೀಕ್ಷಿಸುವ ಕ್ರಮ

ಕಾಫಿ ತೋಟದ ಅಂಚಿನಲ್ಲಿ ಹಬ್ಬಿರುವ ಕಮ್ಯುನಿಸ್ಟ್ ಗಿಡವೆಂಬ ಕಳೆಯ ಕಾಂಡದಲ್ಲಿ ಗಂಟು ಕಟ್ಟಿಸಿ ಅದನ್ನು ಸೊರಗಿಸುವ ನೊಣವೊಂದಿದೆ ಎಂದೊಡನೆ ಕೊಡಗಿನ ಬೆಳೆಗಾರರು ಕೇಳುವುದು, ‘ಅದು ನಾಳೆ ಕಾಫಿಗೆ ಬಂದರೆ?’ ಎಂದು. ನ್ಯಾಯವಾದ ಪ್ರಶ್ನೆಯಿದು. ಉತ್ತರ ಕೊಡಬೇಕಾದದ್ದು, ಕಳೆ ನಿಗ್ರಹಕ್ಕೆ ಕೀಟವನ್ನು ಬಿಡುಗಡೆ ಮಾಡುವ ಮೊದಲು ನಡೆಸುವ ಆಸರೆ ಸಸ್ಯಗಳ ಪರೀಕ್ಷೆ, ಅಂದರೆ ಕೀಟವು ಯಾವ ಸಸ್ಯಗಳ ಮೇಲೆ ಬದುಕಬಲ್ಲದೆಂದು ನೋಡುವುದು.

ಮೊದಲು ಸಸ್ಯಗಳ ಪಟ್ಟಿ ಸಿದ್ಧವಾಗಬೇಕು. ಕೀಟವು ದಾರಿ ತಪ್ಪುವುದಾದರೆ ಕಳೆಯ ಹತ್ತಿರದ ಬಂಧುಗಳತ್ತಲೇ ಹೆಚ್ಚಾಗಿ ತಪ್ಪುವುದರಿಂದ, ಕಮ್ಯುನಿಸ್ಟ್ ಗಿಡದ ಕುಟುಂಬಕ್ಕೇ ಸೇರಿದ ಅಜೆರಾಟಂ, ಹುಚ್ಚೆಳ್ಳು, ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳನ್ನು ಮೊದಲು ಸೇರಿಸಿ, ಆಮೇಲೆ ದೂರದ ಕುಟುಂಬಗಳಿಗೆ ಸಾಗಬೇಕು. ಕಾಫಿ, ಕರಿಮೆಣಸು, ಏಲಕ್ಕಿ, ಕಿತ್ತಳೆ ದೂರದವಾದರೂ ನಮ್ಮ ಜೀವನಾಧಾರವಾದ್ದರಿಂದ ಅವೂ ಪಟ್ಟಿಯಲ್ಲಿರಬೇಕು.

ಮುಂದಿನದು ಆಯ್ಕೆಯಿಲ್ಲದ ಪರೀಕ್ಷೆ. ಎಲೆ ತಿನ್ನುವ ಕೀಟವಾದರೆ ಆಗತಾನೇ ಮೊಟ್ಟೆಯೊಡೆದ, ಏನನ್ನೂ ತಿನ್ನದ ಮರಿಹುಳುಗಳನ್ನೂ, ಗಂಟುನೊಣವಾದರೆ ಮೊಟ್ಟೆಯಿಡುವ ಹೆಣ್ಣುಗಳನ್ನೂ ಬಲೆಯ ಪಂಜರದೊಳಗೆ ಒಂದೇ ಜಾತಿಯ ಸಸ್ಯದೊಂದಿಗೆ ಬಿಡಬೇಕು. ಕಿತ್ತ ಎಲೆಗಿಂತ ಕುಂಡದ ಜೀವಂತ ಗಿಡವೇ ಲೇಸು. ಅದೇ ದಿನ ಅಷ್ಟೇ ಸಂಖ್ಯೆಯ ಕೀಟಗಳನ್ನು ಕಳೆಗಿಡದ ಮೇಲೂ ಬಿಡಬೇಕು. ಅಲ್ಲಿಯೂ ಅವು ಸತ್ತರೆ ಕೆಟ್ಟಿರುವುದು ಪರೀಕ್ಷೆಯೇ. ಇಡೀ ಪ್ರಯೋಗವನ್ನು ಹಲವು ಬಾರಿ ಪುನರಾವರ್ತಿಸಬೇಕು.

ಇಲ್ಲಿ ಕಚ್ಚಿದ ಗುರುತಿಗಿಂತ ಮುಖ್ಯವಾದದ್ದು ಕೀಟದ ಬಾಳು. ಹಸಿದ ಹುಳು ಯಾವ ಎಲೆಯನ್ನಾದರೂ ಕಚ್ಚಿ ನೋಡಬಹುದು. ಅದು ಕೋಶವಾಗಿ, ಪ್ರೌಢವಾಗಿ, ಮೊಟ್ಟೆಯಿಟ್ಟು ಮರುಪೀಳಿಗೆಯನ್ನು ಕಂಡರೆ ಮಾತ್ರ ಆ ಸಸ್ಯ ನಿಜವಾದ ಆಸರೆ. ಪಾರ್ಥೇನಿಯಂ ನಿಗ್ರಹಕ್ಕೆ ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ದುಂಬಿಗಳು ಮುಂದೆ ಸೂರ್ಯಕಾಂತಿ ಎಲೆಗಳ ಮೇಲೆ ಕಂಡಾಗ ರೈತರು ಗಾಬರಿಯಾದರು. ಪಾರ್ಥೇನಿಯಂ ಪರಾಗ ಬಿದ್ದ ಸೂರ್ಯಕಾಂತಿ ಎಲೆಗಳನ್ನು ಅವು ಮೆಲ್ಲುತ್ತವೆಂದು ನಂತರದ ಅಧ್ಯಯನದಿಂದ ತಿಳಿಯಿತು. ಆದ್ದರಿಂದ ಪರೀಕ್ಷೆಯ ಗಿಡಗಳನ್ನು ಕಳೆಯ ಪರಾಗ ತಾಗದಂತೆ ಬೆಳೆಸುವುದು ಅತ್ಯಗತ್ಯವೆಂದು ನಾನು ಭಾವಿಸುತ್ತೇನೆ.

ಸಂಶಯ ಉಳಿದ ಸಸ್ಯಗಳನ್ನು ಕಳೆಯ ಜೊತೆಯಲ್ಲಿಟ್ಟು, ಕೀಟವು ಯಾವುದನ್ನು ಆರಿಸಿಕೊಳ್ಳುತ್ತದೆಂದು ನೋಡಬೇಕು.

ವಿದೇಶಿ ಕೀಟದ ಮೇಲಿನ ಈ ಕೆಲಸವೆಲ್ಲ ಅನುಮತಿ ಪಡೆದ, ಮುಚ್ಚಿದ ಕ್ವಾರಂಟೈನ್ ಕಟ್ಟಡದೊಳಗೇ ನಡೆಯಬೇಕು. ತೋಟದಲ್ಲಿ ಯಾರೂ ಪ್ರಯತ್ನಿಸಬಾರದು. ಬಿಡುಗಡೆಯಾದ ಮೇಲೆ ಬೆಳೆಗಾರರು ಮಾಡಬಹುದಾದದ್ದು ಒಂದಿದೆ: ಕಳೆಯಲ್ಲದ ಗಿಡದ ಕಾಂಡದಲ್ಲಿ ಗಂಟು ಕಂಡರೆ ಆ ರೆಂಬೆಯನ್ನು ಚೀಲದಲ್ಲಿ ಕಟ್ಟಿ ಕೃಷಿ ವಿಜ್ಞಾನಿಗಳಿಗೆ ತಲುಪಿಸುವುದು.