ಆಲಿಮ್, ಶಾಸ್ತ್ರಜ್ಞ, ವಿಜ್ಞಾನಿ: ಕರಪತ್ರದಲ್ಲಿ ಯಾರಿಗೆ ಯಾವ ಪದ?

ಬೀದರ್, ಕಲಬುರಗಿಯಲ್ಲಿ ವಿಚಾರ ಸಂಕಿರಣದ ಕರಪತ್ರ ಕನ್ನಡದ ಜೊತೆಗೆ ಉರ್ದು, ಮರಾಠಿ, ಒಮ್ಮೊಮ್ಮೆ ತೆಲುಗಿನಲ್ಲೂ ಹೋಗುತ್ತದೆ. ಎಡವುವುದು ಅತಿಥಿಯ ಹೆಸರಿನ ಕೆಳಗೆ ಅವರು ಯಾರೆಂದು ಹೇಳುವ ಸಾಲಿನಲ್ಲಿ.

ಮೊದಲು ಅವರ ಕೆಲಸ ಕೇಳಿಕೊಳ್ಳಿ. ತೊಗರಿಯ ನೆಟೆ ರೋಗ ತಡೆಯುವ ತಳಿಗಳನ್ನು ಹೊಲದಲ್ಲಿ ಪರೀಕ್ಷಿಸುವವರು ಕೃಷಿ ವಿಜ್ಞಾನಿ. ಚಾಲುಕ್ಯರ ಶಾಸನ ಓದಿ ಅರ್ಥ ಬಿಡಿಸುವವರು ವಿದ್ವಾಂಸರು. ನಡುವೆ ನಿಲ್ಲುವವರಿಗೆ ವಿಷಯದ ಹೆಸರಿಗೇ 'ಜ್ಞ' ಹಚ್ಚಿ: ಅರ್ಥಶಾಸ್ತ್ರಜ್ಞ, ಸಮಾಜಶಾಸ್ತ್ರಜ್ಞ.

ಬರೀ 'ಶಾಸ್ತ್ರಜ್ಞ' ಮಾತ್ರ ಬೇಡ. ಮರಾಠಿಯಲ್ಲಿ ಹಾಗೆಂದರೆ ವಿಜ್ಞಾನಿ, ತೆಲುಗಿನಲ್ಲಿ ವಿಜ್ಞಾನಿಗೆ ಶಾಸ್ತ್ರವೇತ್ತ ಎನ್ನುತ್ತಾರೆ. ಕನ್ನಡದ ಓದುಗನಿಗೋ ವೇದಶಾಸ್ತ್ರ ಬಲ್ಲವರು ನೆನಪಾಗುತ್ತಾರೆ. 'ಶಾಸ್ತ್ರ ಹೇಳುವವರು' ಎಂದರಂತೂ ಗಿಣಿ, ಕವಡೆಯೇ ಕಣ್ಣಮುಂದೆ. ಹಿಂದಿಯಿಂದ ತರುವಾಗ ಇನ್ನೊಂದು ಗುಂಡಿ: ಅಲ್ಲಿ 'ವೈಜ್ಞಾನಿಕ' ವ್ಯಕ್ತಿಯೂ ಹೌದು, ವಿಶೇಷಣವೂ ಹೌದು. ನಮ್ಮಲ್ಲಿ ವಿಶೇಷಣ ಮಾತ್ರ, ಆದ್ದರಿಂದ 'ಹಿರಿಯ ವೈಜ್ಞಾನಿಕರು' ತಪ್ಪು.

ಉರ್ದುವಿನಲ್ಲಿ ಆಲಿಮ್, ಬಹುವಚನದಲ್ಲಿ ಉಲಮಾ, ಎಂದರೆ ಹೆಚ್ಚಾಗಿ ಧಾರ್ಮಿಕ ವಿದ್ವಾಂಸರು. ವಿಜ್ಞಾನಿಗೆ ಸಾಯಿನ್ಸ್‌ದಾನ್ ಎಂಬ ಬೇರೆ ಪದವೇ ಇದೆ. ಅರಬ್ಬಿಯಲ್ಲಿ ಆಲಿಮ್ ಇಬ್ಬರಿಗೂ ಸಲ್ಲುತ್ತದೆ, ಜರ್ಮನ್ನಿನ ವಿಸೆನ್‌ಶಾಫ್ಟ್ಲರ್ ಹಾಗೆ. ದಾನಿಶ್‌ಮಂದ್ ಇರಾನಿನಲ್ಲಿ ವಿಜ್ಞಾನಿ, ಉರ್ದುವಿಗೆ ಬಂದರೆ ಬರೀ ಬುದ್ಧಿವಂತ! ಬೀದರಿನ ಮಹಮೂದ್ ಗವಾನ್ ಮದರಸಾ ಕಟ್ಟಿದ್ದು 1472ರಲ್ಲಿ. ಇಂಗ್ಲಿಷಿನ 'ಸೈಂಟಿಸ್ಟ್' ಪದವನ್ನು ವಿಲಿಯಂ ಹ್ಯೂವೆಲ್ ಟಂಕಿಸಿದ್ದು 1830ರ ದಶಕದಲ್ಲಿ. ಪದವೇ ಆಮೇಲಿನದು, ಆದ್ದರಿಂದ ಆ ಮದರಸಾದವರನ್ನು ವಿದ್ವಾಂಸರೆಂದೇ ಬರೆಯಿರಿ. ಹೆಸರು ನೋಡಿಯೂ ಮೋಸ ಹೋಗಬೇಡಿ: ಕಲಬುರಗಿ ಸೀಮೆಯ ಮರತೂರಿನ ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದ ಧರ್ಮಶಾಸ್ತ್ರ ಪಂಡಿತ.

'ರಿಸರ್ಚ್ ಸ್ಕಾಲರ್' ಎಂಬುದನ್ನು 'ಸಂಶೋಧನಾ ವಿದ್ವಾಂಸ' ಮಾಡಬೇಡಿ. ಪಿಎಚ್.ಡಿ. ಮಾಡುತ್ತಿರುವ ಹುಡುಗನನ್ನು ಅಷ್ಟು ಬೇಗ ಮುದುಕನನ್ನಾಗಿಸುವುದೇಕೆ? ಅವನು ಸಂಶೋಧನಾರ್ಥಿ. 'ಸ್ಕಾಲರ್‌ಶಿಪ್' ದುಡ್ಡಾದರೆ ವಿದ್ಯಾರ್ಥಿವೇತನ, ಓದಿನ ಆಳವಾದರೆ ವಿದ್ವತ್ತು. ಬರೀ 'ಪಂಡಿತ' ಎಂದರೆ ಹಳ್ಳಿಯಲ್ಲಿ ನಾಟಿ ವೈದ್ಯ, ಶಾಲೆಯಲ್ಲಿ ಕನ್ನಡ ಮೇಷ್ಟ್ರು, ಸಂಗೀತ ಸಭೆಯಲ್ಲಿ ಹಿಂದೂಸ್ತಾನಿ ಗಾಯಕ, ಸಂದರ್ಭವಿಲ್ಲದೆ ಬಳಸಬೇಡಿ. ಮಹಿಳೆಗೂ 'ವಿಜ್ಞಾನಿ' ಸಾಕು. 'ವಿದುಷಿ' ಎಂದರೆ ಸಂಗೀತ, ನೃತ್ಯದವರು ಎಂದುಕೊಳ್ಳುವವರೇ ಹೆಚ್ಚು, ಅದಕ್ಕೆ 'ವಿದ್ವಾಂಸರು' ಎಂಬ ಗೌರವದ ಬಹುವಚನ ವಾಸಿ.

ಅಚ್ಚಿಗೆ ಕೊಡುವ ಮುನ್ನ ಉರ್ದು ಸಾಲನ್ನು ಮನೆಮಾತು ಉರ್ದುವಾದವರಿಗೆ ಓದಿ ಹೇಳಿ, "ಇವರು ಏನ್ ಕೆಲಸ ಮಾಡ್ತಾರ?" ಎಂದು ಕೇಳಿ. ಕೃಷಿ ವಿಜ್ಞಾನಿಯ ಬಗ್ಗೆ "ಮದರಸಾದಾಗ ಕಲಸ್ತಾರೇನ್ರೀ?" ಎಂಬ ಉತ್ತರ ಬಂದರೆ, ಫ್ಲೆಕ್ಸ್‌ನವರಿಗೆ ಕೂಡಲೇ ಫೋನ್ ಮಾಡಿ.